ಸಂಜೆಯ ಏಳು

ವೆಲ್ಟಾಳ ಮನೆಯ ಬೀಗದಕೈ ನನ್ನ ಕೋಟಿನ ಜೇಬಿಗೆ ಬಂದದ್ದು
ನವೆಂಬರಿನ ಒಂದು ಮಂಗಳವಾರ.
ಒಂಬತ್ತು ವರ್ಷ ಮಾತು ಬಿಟ್ಟಿದ್ದೆವು,
ಹಿತ್ತಲಿನ ಸೌದೆಕೋಣೆಯ ಒಂದು ಗೋಡೆಗಾಗಿ.
ಮೆಟ್ಟಿಲಲ್ಲಿ ಎದುರಾದರೆ
ನಾನು ಸುಣ್ಣ ಉದುರುವುದನ್ನು ನೋಡುತ್ತಿದ್ದೆ,
ಅವಳು ತನ್ನ ಚೀಲದೊಳಗೆ ಏನನ್ನೋ ಹುಡುಕುತ್ತಿದ್ದಳು.
ಅವತ್ತು ಬಾಗಿಲು ತಟ್ಟಿದವಳು
ಕ್ಷೇಮ ಸಮಾಚಾರ ಯಾವುದೂ ಇಲ್ಲದೆ ಕೇಳಿದಳು:
"ಆರ್ವೀಡ್ಸ್, ನಿಮಗೆ ಸೂಜಿ ಗೊತ್ತಲ್ಲ?"

ಗೊತ್ತು. ಹದಿನಾಲ್ಕು ವರ್ಷದಿಂದ
ಹೊಟ್ಟೆಯ ಎಡಕ್ಕೊಂದು ದಿನ, ಬಲಕ್ಕೊಂದು ದಿನ
ಚುಚ್ಚಿಕೊಂಡು ಬಂದವನು.
ಈಚೀಚೆಗೆ ಅಷ್ಟು ನಿಯತ್ತಾಗಿ ಅಲ್ಲ.

ರೋಗಿ ಅಡುಗೆಮನೆಯ ಕಿಟಕಿಕಟ್ಟೆಯ ಮೇಲಿದ್ದ.
ರುಡ್ಜಿಸ್. ರೈ ಕಾಳಿನ ಬಣ್ಣ, ಹನ್ನೊಂದು ವಯಸ್ಸು,
ಬಟ್ಟಲುಗಟ್ಟಲೆ ನೀರು ಕುಡಿದೂ ಒಣಗುವವನು,
ತಿಂದದ್ದು ಮೈಗೆ ಹತ್ತದವನು.
ಇಳಿದು ಬಂದ, ಹಿಂಗಾಲಿನ ಹರಡು ನೆಲಕ್ಕೂರಿ,
ದೊಡ್ಡವರ ಚಪ್ಪಲಿ ಮೆಟ್ಟಿದ ಮಗುವಿನ ಹಾಗೆ.
"ನರಕ್ಕೆ ಹತ್ತಿದೆಯಂತೆ ಸಕ್ಕರೆ," ಅಂದಳು.
ನನ್ನ ಎಡಗಾಲಿನ ಹೆಬ್ಬೆರಳಿಗೂ
ನೆಲ ಯಾವುದು ಬೂಟು ಯಾವುದು ತಿಳಿಯದೆ ಎರಡು ವರ್ಷ.
ಅದನ್ನು ಹೇಳಲಿಲ್ಲ.

ಬೆಳಗಿನ ಏಳು ಅವಳದ್ದು.
ಸಂಜೆಯ ಏಳಕ್ಕೆ ಅವಳು ಟ್ರಾಮ್ ಓಡಿಸುತ್ತಿರುತ್ತಾಳೆ,
ಲಿಯೆಪಾಯಕ್ಕೆಲ್ಲ ಇರುವ ಆ ಒಂದೇ ದಾರಿಯಲ್ಲಿ.
ಫ್ರಿಜ್ಜಿನ ಮೇಲೆ ಅವಳ ಚೀಟಿ:
ಮೊದಲು ಊಟ. ತಿನ್ನದಿದ್ದರೆ ಸೂಜಿ ಬೇಡ, ಫೋನ್ ಮಾಡಿ.
ಶೀಶೆ ಕುಲುಕಬೇಡಿ, ಅಂಗೈಗಳ ನಡುವೆ ಉರುಳಿಸಿ.
ಎರಡೇ ಯೂನಿಟ್.

ಸಕ್ಕರೆ ಕಾರ್ಖಾನೆ ಮುಚ್ಚುವವರೆಗೂ
ಅದರ ಗೇಟಿನಲ್ಲಿ ಬೀಟ್‌ಗೆಡ್ಡೆಯ ಲಾರಿ ತೂಗಿದ ಕೈ ಇದು.
ಟನ್ನಿನಲ್ಲಿ ತಪ್ಪಿದರೂ ಯಾರೂ ಸಾಯುತ್ತಿರಲಿಲ್ಲ.
ಈಗ ಕನ್ನಡಕ ಮೂಗಿಗೆ ಒತ್ತಿಕೊಂಡು
ಒಂದು ಗಾಳಿಗುಳ್ಳೆಯನ್ನು ಉಗುರಿನಿಂದ ತಟ್ಟಿ ತಟ್ಟಿ ಓಡಿಸುತ್ತೇನೆ.
ಹೆಗಲ ಹಿಂದಿನ ಸಡಿಲ ಚರ್ಮ ಎತ್ತಿದರೆ
ಪುಟ್ಟ ಗುಡಾರ. ಅದರ ಬಾಗಿಲಲ್ಲಿ ಸೂಜಿ.
ಅವನು ಮೀನಿನ ತಟ್ಟೆಯಿಂದ ತಲೆ ಎತ್ತುವುದೂ ಇಲ್ಲ.
ಕಿವಿಯಂಚಿನ ರಕ್ತದ ಹನಿಗೆ ಮಾತ್ರ ಸಿಟ್ಟು.
ಪುಸ್ತಕದಲ್ಲಿ ಬರೆಯುತ್ತೇನೆ: ೧೮.೪. ೧೫. ೧೬.೧.
ಎಡಗಡೆ ಅವಳ ದುಂಡನೆಯ ಬೆಳಗುಗಳು,
ಬಲಗಡೆ ನನ್ನ ಕಾಗೆಕಾಲಿನ ಸಂಜೆಗಳು.

ಫೆಬ್ರವರಿಯ ಒಂದು ಸಂಜೆ, ಸಮುದ್ರದ ಗಾಳಿ ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುವಾಗ,
ಕಟ್ಟೆಯ ಮೇಲೆ ಅವನಿರಲಿಲ್ಲ.
ಒಲೆಯ ಹಿಂದೆ, ಒದ್ದೆ ಬಟ್ಟೆಯಂತೆ.
೨.೧.
ನನ್ನ ಜೇಬಿನಲ್ಲಿ ಸದಾ ಇರುವ ಜೇನಿನ ಪೊಟ್ಟಣ
ಹಲ್ಲಿನಲ್ಲೇ ಹರಿದೆ. ಒಸಡಿಗೆ ತಿಕ್ಕಿದೆ, ಚೂರು ಚೂರೇ.
"ಏಳು," ಅಂದೆ. ಗೋಡೆಯ ಗಡಿಯಾರದಲ್ಲೂ ಅದೇ ಆಗಿತ್ತು.
ಏಳು, ಮಾರಾಯ, ಏಳು.
ಗಡಿಯಾರ ಏಳೂಕಾಲಾಯಿತು.
ಆಮೇಲೆ ಅವನು ನನ್ನ ಬೆರಳು ಕಚ್ಚಿದ,
ರಕ್ತ ಬರುವ ಹಾಗೆ.
ಇಷ್ಟು ಚೆನ್ನಾಗಿ ನನ್ನನ್ನು ಯಾರೂ ಕಚ್ಚಿರಲಿಲ್ಲ.

ಫೋನಿನಲ್ಲಿ ಡಾಕ್ಟರು ಸೂಜಿ ಬೇಡ, ಕಾಯಿರಿ, ಅಳೆಯಿರಿ ಎಂದರು.
ಹನ್ನೊಂದಕ್ಕೆ ವೆಲ್ಟಾ ಬಂದಳು, ಸಮವಸ್ತ್ರದಲ್ಲೇ.
ನಾನಿನ್ನೂ ನೆಲದ ಮೇಲೆ, ಮಂಡಿ ಹಿಡಿದುಹೋಗಿ,
ಮಡಿಲಲ್ಲಿ ಬೆಕ್ಕು, ಮೀಸೆಗೆಲ್ಲ ಜೇನು.
ಅವಳು ಕೈ ಚಾಚಿದಳು: "ಏಳಿ."

ಸೌದೆಕೋಣೆಯ ಗೋಡೆ ಈಗಲೂ ಅವಳ ಕಡೆಗೇ ವಾಲಿದೆ.
ಆ ಮಾತು ಯಾರೂ ಎತ್ತಿಲ್ಲ.

ಆದರೆ ಮಾರ್ಚಿಯಲ್ಲಿ, ಮನಸ್ಸು ಎಲ್ಲೋ ಇಟ್ಟು,
ಅವನ ಯಂತ್ರ ಮುಚ್ಚಿ, ನನ್ನದನ್ನು ತೆಗೆದು, ನನಗೆ ನಾನೇ ಚುಚ್ಚಿಕೊಂಡು
ಅವನ ಪುಸ್ತಕದಲ್ಲೇ ಬರೆದುಬಿಟ್ಟೆ: ೧೬.೮.
ಮರುದಿನ ಅದರ ಪಕ್ಕ ಅವಳ ದುಂಡಕ್ಷರ:
ಇದು ಯಾರದ್ದು?

ಬೆಕ್ಕಿನದ್ದು ೯.೨, ಎಂದು ಕೆಳಗೆ ಬರೆದು ಬಂದೆ.
ಅದರ ಮಾರನೆಯ ಸಂಜೆ ಪುಟ ತಿರುಗಿಸಿದರೆ
ಅಡಿಪಟ್ಟಿ ಇಟ್ಟು ಎಳೆದ ಮೂರನೆಯ ಕಾಲಂ,
ಪುಸ್ತಕದ ಕೊನೆಯ ಹಾಳೆಯವರೆಗೂ.
ತಲೆಬರಹ ಇಲ್ಲ.